ನಾನು ಮೀನಾಗಿದ್ದ ಚಳಿಗಾಲ

ಗಲ್ಫಿನ ಖಫ್ಜಿ ಎಂಬ ಊರಿನ ನಮ್ಮ ಮನೆಯ ಕಾರಿಡಾರಿನಲ್ಲಿ ಒಂದು ಚಳಿಗಾಲ ಪೂರ್ತಿ ನಾನು ಮೀನಾಗಿದ್ದೆ. ನನಗಾಗ ಹನ್ನೊಂದು ವರ್ಷ. ಅಪ್ಪಯ್ಯ ಹಾಲ್‌ನ ತುದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮೊಳದುದ್ದದ ಗಾಳದ ಕೋಲೊಂದನ್ನು ಹಿಡಿದಿರುತ್ತಿದ್ದರು. ಅದರ ತಂಗೂಸಿ, ಅಂದರೆ ಗಾಳದ ನೂಲು, ಕೂದಲೆಳೆಯಷ್ಟು ತೆಳು. ಕೊಕ್ಕೆ ಬಿಚ್ಚಿ ಆ ಜಾಗದಲ್ಲಿ ನನ್ನದೊಂದು ಹಳೆಯ ಬಳೆ ಕಟ್ಟುತ್ತಿದ್ದರು. ನಾನು ಬಳೆ ಹಿಡಿದು ಅಡುಗೆಮನೆಯ ಬಾಗಿಲಿನಿಂದ ಬಾತ್‌ರೂಮಿನ ಬಾಗಿಲಿನವರೆಗೆ ಮನಸ್ಸು ಬಂದಂತೆ ಓಡಬೇಕು, ನಿಲ್ಲಬೇಕು, ಥಟ್ಟನೆ ತಿರುಗಬೇಕು. ತಂಗೂಸಿ ತುಂಡಾದರೆ ನಾನು ಗೆದ್ದೆ; ಖರ್ಜೂರದ ಬಿಸ್ಕತ್ತು ನನಗೆ. ತುಂಡಾಗದೆ ಅವರ ಮೊಣಕಾಲ ತನಕ ನನ್ನನ್ನು ತಂದರೆ ಬಿಸ್ಕತ್ತು ಅವರಿಗೆ. ಮೊದಲ ವಾರ ಅಷ್ಟೂ ಬಿಸ್ಕತ್ತು ನಾನೇ ತಿಂದೆ. ಅಪ್ಪಯ್ಯ ಎಳೆಯುವ ಮನುಷ್ಯ. ಬಾಗಿಲು, ಡ್ರಾಯರು, ನನ್ನ ಶಾಲೆಯ ಬ್ಯಾಗಿನ ಜಿಪ್ಪು, ಯಾವುದನ್ನಾದರೂ ಒಂದೇ ಏಟಿಗೆ ಎಳೆದು ಅಭ್ಯಾಸ. ಆ ನೂಲು ಅವರ ಆ ಅಭ್ಯಾಸವನ್ನು ತಾಳುತ್ತಿರಲಿಲ್ಲ.

ಮೂರನೆಯ ಮಹಡಿಯ ಎರಡು ಕೋಣೆಯ ಮನೆ ಅದು. ಕಿಟಕಿಗಳ ಗಾಜಿಗೆ ಬಿಸಿಲು ತಡೆಯಲೆಂದು ಬೆಳ್ಳಿಯ ಬಣ್ಣದ ಹಾಳೆ ಅಂಟಿಸಿದ್ದರಿಂದ ಹಗಲು ಹನ್ನೆರಡಕ್ಕೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಸಮುದ್ರ ನಡೆದುಹೋಗುವಷ್ಟು ಹತ್ತಿರವಿದ್ದರೂ ಅಡುಗೆಮನೆಯ ಪುಟ್ಟ ಕಿಟಕಿಯೊಂದರಿಂದ ಮಾತ್ರ, ಎರಡು ಕಟ್ಟಡಗಳ ನಡುವೆ ಅಂಗೈಯಗಲದಷ್ಟು ಕಾಣುತ್ತಿತ್ತು. ಅಮ್ಮ ಆ ಕಿಟಕಿಗೆ ಬೆನ್ನು ಹಾಕಿ ಅಡುಗೆ ಮಾಡುತ್ತಿದ್ದರು. ಒಲೆ ಎದುರಿನ ಗೋಡೆಗಿದೆ ಎಂಬುದು ಅದಕ್ಕೆ ಕಾರಣವೆಂದು ನಾನು ಬಹಳ ದಿನ ತಿಳಿದಿದ್ದೆ. ಮಸಾಲೆ ಡಬ್ಬಿಗಳ ಮೇಲಿನ ಕಪಾಟಿನೊಳಗೆ ದೇವರ ಪಟ. ಸಂಜೆ ಕಪಾಟಿನ ಬಾಗಿಲು ತೆರೆದು ದೀಪ ಹಚ್ಚಿ, ನಾನು ಕೈಮುಗಿದ ಮೇಲೆ ಅಮ್ಮ ಅದನ್ನು ಬಾಯಿಂದ ಊದದೆ ಹೂವಿನ ಎಸಳಿನಿಂದ ಆರಿಸಿ ಬಾಗಿಲು ಮುಚ್ಚುತ್ತಿದ್ದರು. ಹೂವು ಸಿಗದ ದಿನ ಕೊತ್ತಂಬರಿ ಸೊಪ್ಪಿನ ಎಲೆ. ನಮ್ಮ ಮೂವರ ಇಕಾಮಾ ಎಂಬ ವಾಸದ ಪರವಾನಗಿ, ಪಾಸ್‌ಪೋರ್ಟಿನ ನಕಲು, ಎಲ್ಲ ಅದರ ಪಕ್ಕದಲ್ಲೇ ಒಂದು ಹಳೆಯ ಹಾಲಿನ ಪುಡಿಯ ಡಬ್ಬಿಯಲ್ಲಿ. ಅಪ್ಪಯ್ಯ ತೈಲ ಬಾವಿಗಳ ಕಡೆ ಒಂದು ಕಂಪನಿಯಲ್ಲಿ ಮೀಟರು, ವಾಲ್ವುಗಳನ್ನು ರಿಪೇರಿ ಮಾಡುವ ಟೆಕ್ನೀಷಿಯನ್. ಆ ಡಬ್ಬಿಯೊಳಗಿನ ಕಾಗದಗಳು ಹೋದರೆ ನಾವೂ ಹೋದಂತೆ ಎಂಬುದು ಆ ಮನೆಯಲ್ಲಿ ಯಾರೂ ಹೇಳದೆ ಎಲ್ಲರಿಗೂ ಗೊತ್ತಿದ್ದ ಮಾತು.

ಅಪ್ಪಯ್ಯ, ಅಮ್ಮ ಇಬ್ಬರೂ ಕುಂದಾಪುರದ ಕಡೆಯ ಮೀನುಗಾರರ ಮನೆಯವರು. ಅಮ್ಮನ ತಂದೆ, ಮೂವರು ಅಣ್ಣಂದಿರು ದೋಣಿಯ ಮೇಲೇ ಬದುಕಿದವರು. ಒಮ್ಮೆ ಅವರ ದೋಣಿ ಮೂರು ದಿನ ಬಾರದೆ, ಊರಿಗೆ ಊರೇ ಮರಳಿನಲ್ಲಿ ಕಾದು ಕೂತಿತ್ತಂತೆ. ನಾಲ್ಕನೆಯ ದಿನ ನಾಲ್ವರೂ ಬಂದರು. ಬಂದವರನ್ನು ಕಂಡು ಅಜ್ಜಿ ಅಳಲಿಲ್ಲ, ಒಳಗೆ ಹೋಗಿ ಮಲಗಿಬಿಟ್ಟರು. ಅಮ್ಮನಿಗೆ ಆಗ ಹದಿನಾರು. ಮದುವೆಯ ಮಾತು ಬಂದಾಗ ಅವರು ಕೇಳಿದ್ದು ಒಂದೇ: ನೆಲದ ಮೇಲೆ ಕೆಲಸ ಮಾಡುವ ಗಂಡಸು. ಅಪ್ಪಯ್ಯ ಐಟಿಐ ಮುಗಿಸಿ ಗಲ್ಫಿಗೆ ಹೊರಟಿದ್ದರು. ಮರುಭೂಮಿಯಲ್ಲಿ ಕೆಲಸವೆಂದು ಕೇಳಿ ಅಮ್ಮ ಒಪ್ಪಿಕೊಂಡರಂತೆ. ಆ ಮರುಭೂಮಿಯ ಅಂಚಿಗೇ ಮತ್ತೊಂದು ಸಮುದ್ರ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಗಾಳದ ಕೋಲನ್ನು ನಮ್ಮ ಮನೆಗೆ ತಂದವರು ಯುಕ್ಕಾ. ಫಿನ್ಲೆಂಡಿನವರು, ದೊಡ್ಡ ಪಂಪುಗಳ ನಡುಕ ಅಳೆಯುವ ಇಂಜಿನಿಯರ್. ಅಪ್ಪಯ್ಯನ ಜೊತೆ ಒಂದೇ ಪ್ಲಾಂಟಿನಲ್ಲಿ ಕೆಲಸ. ಆರಡಿ ಮೀರಿದ ಆಳು, ಬಿಳಿ ಹುಬ್ಬು, ಮಾತು ಕಡಿಮೆ. ಒಂದು ಶುಕ್ರವಾರ ಊಟಕ್ಕೆ ಬಂದವರು ನೆಲದ ಮೇಲೆ ಕಾಲು ಮಡಿಸಲಾರದೆ ಮಡಿಸಿ ಕೂತು, ಬಂಗುಡೆ ಸಾರಿಗೆ ಬೆವರುತ್ತ, ಮೂಗು ಒರೆಸುತ್ತ, ಮೂರು ಸಲ ಅನ್ನ ಹಾಕಿಸಿಕೊಂಡರು. ಊಟವಾದ ಮೇಲೆ ಚೀಲದಿಂದ ಆ ಕೋಲನ್ನು ತೆಗೆದು ತೋರಿಸಿದರು. ಅಪ್ಪಯ್ಯ ನಕ್ಕುಬಿಟ್ಟರು.

“ಇದೆಂಥ, ಮಕ್ಕ್ಳ್ ಆಡೂದಾ?”

ಅಮ್ಮನಿಗೆ ಇಂಗ್ಲಿಷ್ ಬಾರದು, ಯುಕ್ಕಾಗೆ ಕನ್ನಡ ಬಾರದು. ಅಪ್ಪಯ್ಯನ ಇಂಗ್ಲಿಷ್ ಪ್ಲಾಂಟಿನ ಗೇಟು ದಾಟಿದರೆ ತಡವರಿಸುತ್ತಿತ್ತು. ಹಾಗಾಗಿ ನಡುವೆ ನಾನು. ಯುಕ್ಕಾ ಹೇಳಿದ್ದನ್ನು ಕನ್ನಡಕ್ಕೆ ತರುತ್ತ ಹೋದೆ. ಅವರ ಊರಿನಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಲಾರಿ ಓಡಿಸಬಹುದಾದಷ್ಟು ದಪ್ಪ ಮಂಜುಗಡ್ಡೆ. ಅದರಲ್ಲಿ ಸೌಟಿನಗಲದ ತೂತು ಕೊರೆದು, ಪಕ್ಕದಲ್ಲಿ ಪೆಟ್ಟಿಗೆ ಹಾಕಿ ಕೂತು, ಈ ಕೋಲಿನಿಂದ ಮೀನು ಹಿಡಿಯುವುದು. ತೂತಿನ ಹತ್ತಿರವೇ ಕೂರುವುದರಿಂದ ಉದ್ದದ ಕೋಲು ಬೇಡ. ಕೆಳಗೆ ಕತ್ತಲ ನೀರಿನಲ್ಲಿ ಪೈಕ್ ಎಂಬ ಮೀನು. ಉದ್ದ ಮೂತಿ, ಬಾಯಿ ತುಂಬ ಹಲ್ಲು, ಅಲುಗಾಡದೆ ನಿಂತು ಹೊಂಚುವ ಜಾತಿ. ಮಣಿಕಟ್ಟು ಮಾತ್ರ ಆಡಿಸಿ ತಗಡಿನ ಹುಸಿಮೀನನ್ನು ಕುಣಿಸಬೇಕು, ಆಮೇಲೆ ನಿಲ್ಲಿಸಬೇಕು. ಕುಣಿಯುವಾಗ ಪೈಕ್ ಬರುವುದಿಲ್ಲ, ನಿಂತಾಗ ಬರುತ್ತದೆ. ಬಂದ ಮೇಲೆ ಎಳೆದರೆ ನೂಲು ಹೋಯಿತು. ಓಡುವಾಗ ಬಿಡಬೇಕು, ನಿಂತಾಗ ತಗೊಳ್ಳಬೇಕು. ಅಷ್ಟು ತೆಳು ನೂಲಿನಲ್ಲಿ ತೋಳುದ್ದದ ಮೀನನ್ನು ತೂತಿನ ಬಾಯಿಗೆ ತಂದವನಿಗೇ ಅಲ್ಲಿ ಮರ್ಯಾದೆ.

ಅಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದವರು ನನಗೆ ಹೇಳಿದರು:

“ಅವ್ರ್ ಹತ್ರ ಕೇಣ್, ಕೂಕಂಡಲ್ಲೇ ಅದ್ ಒಡ್ದ್ರೆ ಎಂಥ ಮಾಡ್ತ್ರ್?”

ಯುಕ್ಕಾ ಎರಡೂ ಕೈಗಳನ್ನು ಕುತ್ತಿಗೆಯ ಬಳಿ ತಂದು ತೋರಿಸಿದರು. ಎರಡು ಚೂಪು ಮೊಳೆಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರಂತೆ. ನೀರಿಗೆ ಬಿದ್ದರೆ ಅವನ್ನು ಮಂಜುಗಡ್ಡೆಗೆ ಚುಚ್ಚಿ ಚುಚ್ಚಿ ಮೇಲೆ ಬರುವುದು. ಒಬ್ಬರೇ ಎಂದೂ ಹೋಗುವುದಿಲ್ಲ, ಎಲ್ಲಿ ಹೋಗುತ್ತೇವೆಂದು ಮನೆಯಲ್ಲಿ ಹೇಳದೆ ಹೋಗುವುದಿಲ್ಲ ಎಂದೂ ಹೇಳಿದರು. ಅಮ್ಮ ತಲೆಯಾಡಿಸಿದರು. ಆ ಮನುಷ್ಯನ ಮೇಲೆ ಅವರಿಗೆ ಗೌರವ ಹುಟ್ಟಿದ್ದು ಅಲ್ಲೇ.

ಇಲ್ಲಿ ಮಂಜುಗಡ್ಡೆಯೂ ಇಲ್ಲ, ಪೈಕೂ ಇಲ್ಲ. ಆದರೆ ಚಳಿಗಾಲದಲ್ಲಿ ಖಫ್ಜಿಯ ತಗ್ಗು ನೀರಿಗೆ ಬರಾಕುಡ ಬರುತ್ತದೆ, ಅದೇ ಉದ್ದ ಮೂತಿ, ಅದೇ ಹಲ್ಲು. ಯುಕ್ಕಾ ಒಂದು ಕೋಲನ್ನು ಅಪ್ಪಯ್ಯನಿಗೆ ಕೊಟ್ಟುಹೋದರು. ಮರುದಿನದಿಂದ ಕಾರಿಡಾರಿನಲ್ಲಿ ನಾನು ಮೀನಾದೆ. ಮೂರು ವಾರ ಕಳೆಯುವಷ್ಟರಲ್ಲಿ ಅಪ್ಪಯ್ಯನ ಕೈ ಬದಲಾಗಿತ್ತು. ನಾನು ಓಡಿದರೆ ರೀಲು ಸದ್ದಿಲ್ಲದೆ ಬಿಟ್ಟುಕೊಡುತ್ತಿತ್ತು, ನಿಂತರೆ ಗೊತ್ತೇ ಆಗದಂತೆ ನನ್ನನ್ನು ಹತ್ತಿರಕ್ಕೆ ತರುತ್ತಿತ್ತು. ಕೆಲಸದಿಂದ ಬಂದು ಸುಮ್ಮನೆ ಟಿವಿಯ ಮುಂದೆ ಕೂರುತ್ತಿದ್ದ ಮನುಷ್ಯ ನನ್ನನ್ನು ಕರೆದು ಮಾತಾಡಿಸುತ್ತಿದ್ದುದು, ನಗುತ್ತಿದ್ದುದು ಆ ಚಳಿಗಾಲದಲ್ಲೇ. ಅಮ್ಮ ಮಾತ್ರ ಕಾರಿಡಾರಿನಲ್ಲಿ ನೂಲು ದಾಟಬೇಕಾದಾಗಲೆಲ್ಲ ಸೀರೆ ಎತ್ತಿ ಹಾವು ದಾಟಿದಂತೆ ದಾಟುತ್ತಿದ್ದರು.

ಮನೆಯಲ್ಲಿ ಜಗಳ ಶುರುವಾದದ್ದು ಯುಕ್ಕಾ ಒಂದು ಸಣ್ಣ ರಬ್ಬರಿನ ದೋಣಿ ಕೊಂಡಾಗ. ಪಂಪಿನಿಂದ ಗಾಳಿ ತುಂಬುವಂಥದ್ದು, ಹಿಂದೆ ಪುಟ್ಟ ಮೋಟಾರು.

“ದಂಡಿಯಲ್ ಕಲ್ಲಿನ್ ಮೇಲ್ ಕೂಕಂಡ್ ಹಿಡೀನಿ, ನಾ ಬೇಡ ಅಂಬುದಿಲ್ಲೆ. ದೋಣಿ ಹತ್ತುಕಾಗ,” ಎಂದರು ಅಮ್ಮ.

“ನಾ ಎಂಥ ಈಜುಕೆ ಬಾರದವ್ನಾ? ಹುಟ್ಟಿದ್ದೇ ಸಮುದ್ರದ್ ಬದಿಯಂಗೆ.”

“ಅದ್ಕೇ ಹೇಳೂದ್. ಈಜುಕೆ ಬಪ್ಪವ್ರೇ ಹೋದ್ದ್ ನಾ ಕಂಡದ್ದ್.”

“ಗುಲಾಬಿ, ಅದ್ ಊರು, ಇದ್ ಕೊಲ್ಲಿ. ಇಲ್ಲ್ ತೆರೆಯೇ ಇಲ್ಲೆ ಮಾರಾಯ್ತಿ.”

“ಇಲ್ಲ್ ಗಡಿ ಇತ್ತಲೆ! ಎರಡ್ ಮೈಲಿ ಆಚೀಚೆ ಆದ್ರೆ ಬೇರೆ ದೇಶ. ಪರ್ಮಿಟ್ ಇತ್ತಾ ನಿಮ್ಮತ್ರ?”

ಪರ್ಮಿಟ್ ಇರಲಿಲ್ಲ. ಅಪ್ಪಯ್ಯ ತಟ್ಟೆ ಬಿಟ್ಟು ಎದ್ದರು. ಅಮ್ಮ ಆ ತಟ್ಟೆಯ ಅನ್ನವನ್ನು ಮುಚ್ಚಿಟ್ಟರು, ರಾತ್ರಿ ಅದನ್ನೇ ಬಡಿಸಿದರು. ಒಂದು ವಾರದ ನಂತರ, ದೋಣಿ ಹತ್ತುವುದಿಲ್ಲವೆಂದು ಅಪ್ಪಯ್ಯ ದೇವರ ಕಪಾಟಿನ ಮುಂದೆ ನಿಂತು ಹೇಳಿದರು. ಅಮ್ಮನ ಮುಖ ಸಡಿಲವಾಯಿತು. ಆ ರಾತ್ರಿ ಅಂಜಲ್ ಮೀನು ಹುರಿದರು.

ಅದಾಗಿ ಎರಡೇ ವಾರ. ನನ್ನನ್ನು ಶಾಲೆಗೆ ಬಿಡಲು ಹೋಗುತ್ತ ಅಪ್ಪಯ್ಯ ಕಾರನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ, ನನ್ನ ಕಡೆ ನೋಡದೆ ಹೇಳಿದರು:

“ಮಗಾ, ಶುಕ್ರವಾರ ಯುಕ್ಕಾನ್ ಸಂಗ್ತಿ ಹೋಯ್ ಬತ್ತೆ. ಅಮ್ಮಂಗೆ ಓವರ್‌ಟೈಮ್ ಅಂದಿದೆ. ನೀ ಹೇಳ್ಬೇಡ, ಅಕಾ?”

ನಾನು ತಲೆಯಾಡಿಸಿದೆ. ನನಗೆ ಹೆದರಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ದೊಡ್ಡವರ ಗುಟ್ಟೊಂದು ನನ್ನ ಕೈಗೆ ಬಂದಿತ್ತು. ಅಪ್ಪಯ್ಯ ಎಲ್ಲವನ್ನೂ ಹೇಳಿದರು. ದಡದಿಂದ ಒಳಗೆ, ಯಾವುದೋ ಕಾಲದ ದೋಣಿಕಟ್ಟೆಯೊಂದರ ಮೂರು ಕಬ್ಬಿಣದ ಕಂಬಗಳು ನೀರಿನಲ್ಲಿ ನಿಂತಿವೆ. ಅವುಗಳ ನೆರಳಿನಲ್ಲಿ ಬರಾಕುಡ ಇರುತ್ತದೆ. ಬೆಳಿಗ್ಗೆ ಆರಕ್ಕೆ ಹೋದರೆ ಹತ್ತಕ್ಕೆ ದಡ. ದಡಕ್ಕೆ ಬಂದ ಕೂಡಲೇ ಯುಕ್ಕಾನ ಮನೆಯಿಂದ ನಮ್ಮ ಮನೆಗೆ ಫೋನ್ ಮಾಡಿ, ಎರಡು ರಿಂಗ್ ಆದೊಡನೆ ಇಟ್ಟುಬಿಡುತ್ತಾರೆ. ಅದು ನನಗೆ ಮಾತ್ರ ಅರ್ಥವಾಗುವ ಸುದ್ದಿ. ಮೂರು ಶುಕ್ರವಾರ ಹಾಗೆಯೇ ಆಯಿತು. ಹತ್ತು ಗಂಟೆಗೆ ಎರಡು ರಿಂಗ್. “ಯಾರ್‌ದೋ ಏನೋ, ತೆಗೂಕಿಂತ ಮುಂಚೆ ಇಡ್ತ್ರ್,” ಎಂದು ಅಮ್ಮ ಗೊಣಗುತ್ತಿದ್ದರು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿ ನಗುತ್ತಿದ್ದೆ. ಆ ನಗುವನ್ನು ಈಗ ನೆನೆದರೆ ನನಗೆ ಸರಿಯೆನಿಸುವುದಿಲ್ಲ.

ನಾಲ್ಕನೆಯ ಶುಕ್ರವಾರ ನಾನು ಎದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ಸಮುದ್ರ ಇರಲಿಲ್ಲ. ಎದುರಿನ ಕಟ್ಟಡವೂ ಇರಲಿಲ್ಲ. ದಟ್ಟ ಮಂಜಿನ ಕಾವಳ ಗಾಜಿಗೇ ಬಂದು ಒತ್ತಿ ನಿಂತಿತ್ತು. ಅಪ್ಪಯ್ಯ ಆರಕ್ಕೆ ಮುಂಚೆಯೇ ಹೋಗಿದ್ದರು; ಆಗ ಅಷ್ಟು ಇರಲಿಲ್ಲವಂತೆ. ಅಮ್ಮ ದೋಸೆ ಹೊಯ್ಯುತ್ತಿದ್ದರು. ನಾನು ಎರಡು ತಿಂದು ಫೋನಿನ ಹತ್ತಿರದ ಸೋಫಾದಲ್ಲಿ ಕೂತೆ. ಒಂಬತ್ತೂವರೆ. ಹತ್ತು. ಹತ್ತೂ ಹತ್ತು. ಕಾವಳದಲ್ಲಿ ನಿಧಾನವಾಗಿ ಬರುತ್ತಾರೆ ಎಂದುಕೊಂಡೆ. ಹತ್ತೂವರೆಗೆ ಫೋನ್ ಹೊಡೆಯಿತು. ಒಂದು, ಎರಡು, ಮೂರು. ಮೂರಾದರೆ ಅಪ್ಪಯ್ಯನಲ್ಲ; ಎತ್ತಿದೆ. ನನ್ನ ಕ್ಲಾಸಿನ ಹುಡುಗಿ ಹೋಮ್‌ವರ್ಕ್ ಕೇಳುತ್ತಿದ್ದಳು. ಅವಳಿಗೆ ಏನೋ ಹೇಳಿ ಇಟ್ಟೆ, ಫೋನ್ ಖಾಲಿ ಇರಬೇಕಲ್ಲ.

ಹನ್ನೊಂದು ಕಳೆಯಿತು. ಅಮ್ಮ ನೆಲ ಒರೆಸಿದರು. ಒಗೆದ ಬಟ್ಟೆಯನ್ನು ಬಾಲ್ಕನಿಗೆ ಒಯ್ದು, ಒಣಗುವುದಿಲ್ಲವೆಂದು ಮತ್ತೆ ಒಳಗೆ ತಂದರು. ಒಂದೆರಡು ಸಲ ನನ್ನ ಕಡೆ ನೋಡಿದರು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಎರಡು ಸಂಗತಿ ಒಟ್ಟಿಗೆ ಅಡ್ಡ ಬರುತ್ತಿದ್ದವು. ಹೇಳಿದ ಮರುಕ್ಷಣವೇ ಅವರು ಬಾಗಿಲಲ್ಲಿ ನಿಂತರೆ? ಮನೆಯಲ್ಲಿ ಆಗುವ ಜಗಳಕ್ಕೆ ನಾನೇ ಕಾರಣ. ಅಪ್ಪಯ್ಯ ಮತ್ತೆ ನನ್ನನ್ನು ಕರೆದು ಮಾತಾಡಿಸಲಾರರು. ಹೇಳದೆ ಇದ್ದು ಅವರು ಬಾರದೇ ಹೋದರೆ? ಅದನ್ನು ಮುಂದಕ್ಕೆ ಯೋಚಿಸಲು ನನ್ನಿಂದ ಆಗುತ್ತಿರಲಿಲ್ಲ. ಹೀಗೆ ಇನ್ನೈದು ನಿಮಿಷ, ಇನ್ನೈದು ನಿಮಿಷ ಎನ್ನುತ್ತ ಹನ್ನೆರಡಾಯಿತು. ಮಸೀದಿಯಿಂದ ಜುಮಾ ನಮಾಜಿನ ಕರೆ ಕಾವಳದೊಳಗಿಂದ ಎಲ್ಲಿಂದಲೋ ಬಂದಂತೆ ಕೇಳಿತು. ನಾನು ಅಡುಗೆಮನೆಗೆ ಹೋದೆ. ಅಮ್ಮ ಅಕ್ಕಿ ತೊಳೆಯುತ್ತಿದ್ದರು.

“ಅಮ್ಮ, ಅಪ್ಪಯ್ಯ ಓವರ್‌ಟೈಮಿಗೆ ಹೋಯ್ಲಿಲ್ಲೆ.”

ಅವರು ತಿರುಗಲಿಲ್ಲ. ಕೈ ಅಕ್ಕಿಯೊಳಗೇ ನಿಂತಿತು.

“ದೋಣಿಯಂಗಾ?”

“ಹೌದ್. ಹತ್ತ್ ಗಂಟೆಗೆ ಬತ್ತೆ ಅಂದಿದ್ರ್.”

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅಮ್ಮ ಕೈ ಒರೆಸಿಕೊಂಡು ಗ್ಯಾಸ್ ಆರಿಸಿದರು. ಬಾಲ್ಕನಿಗೆ ಹೋಗಿ ಒದ್ದೆ ಬೆರಳನ್ನು ಎತ್ತಿ ಹಿಡಿದರು. ಗಾಳಿಯೇ ಇರಲಿಲ್ಲ. ಒಳಗೆ ಬಂದು ಅಬಾಯಾ ಹಾಕಿಕೊಂಡು, ನನಗೆ ಸ್ವೆಟರ್ ತೊಡಿಸಿ, ಕೈ ಹಿಡಿದು ಮೆಟ್ಟಿಲಿಳಿಸಿದರು. ಅವರ ಕೈಗೆ ಅಕ್ಕಿಯ ನೀರಿನ ತಣ್ಣನೆ ಇನ್ನೂ ಹಾಗೇ ಇತ್ತು.

ಕೆಳಗೆ ಹಮೀದಣ್ಣನ ಬಕಾಲ. ಉಳ್ಳಾಲದವರು, ನಮ್ಮ ಕಟ್ಟಡದವರಿಗೆಲ್ಲ ಅಕ್ಕಿ, ತೆಂಗಿನಕಾಯಿ, ಊರಿನ ಸುದ್ದಿ ಒದಗಿಸುತ್ತಿದ್ದ ಕಿರಾಣಿ ಅಂಗಡಿ. ನಮಾಜಿನ ಹೊತ್ತಾದ್ದರಿಂದ ಶಟರ್ ಮುಚ್ಚಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ನಾವಿಬ್ಬರೂ ಆ ಶಟರಿನ ಮುಂದೆ ನಿಂತೆವು. ಎಷ್ಟು ಹೊತ್ತೋ ತಿಳಿಯದು. ಅರ್ಧ ಗಂಟೆ ಇರಬೇಕು. ಅಮ್ಮ ನನ್ನ ಕೈ ಬಿಡಲಿಲ್ಲ. ಕಡೆಗೆ ಬಿಳಿಯೊಳಗಿಂದ ಬಿಳಿ ಬಟ್ಟೆಯ ಜನ ಒಬ್ಬೊಬ್ಬರಾಗಿ ಮೂಡತೊಡಗಿದರು. ಅವರಲ್ಲಿ ಹಮೀದಣ್ಣ. ಅಮ್ಮ ಹೇಳಿದ್ದನ್ನು ಕೇಳಿ ಅವರ ಮುಖ ಸಣ್ಣದಾಯಿತು.

“ಅಕ್ಕ, ಸ್ವಲ್ಪ ತಡೀರಿ ಮಾರಾಯ್ರೆ. ಕಾವಳ ಬಿಟ್ರೆ ಅವ್ರೇ ಬರ್ತಾರೆ. ಸಮುದ್ರ ಕಾವಲಿನವ್ರಿಗೆ ಹೇಳಿದ್ರೆ ಎಂತ ಗೊತ್ತುಂಟಾ? ಪರ್ಮಿಟ್ ಇಲ್ಲ, ಗಡಿ ಹತ್ರ. ವೀಸಾ ಕೊಟ್ಟ ಕಫೀಲ್ ತನಕ ಹೋಗ್ತದೆ. ಇಕಾಮಾ ಕ್ಯಾನ್ಸಲ್ ಮಾಡಿ ಎಲ್ರನ್ನೂ ಊರಿಗೆ ಕಳ್ಸಿದ್ರೆ?”

“ಕಳ್ಸ್ಲಿ,” ಎಂದರು ಅಮ್ಮ. “ಕಳ್ಸುಕೂ ಮನುಷ್ಯ ಇರ್ಕಲೆ ಹಮೀದಣ್ಣ.”

ಹಮೀದಣ್ಣ ಶಟರ್ ಎತ್ತಿ ಒಳಗೆ ಹೋದರು. ಪಿಕಪ್ಪಿನ ಕೀಲಿ ತಂದರು. ದಾರಿಯುದ್ದಕ್ಕೂ ಲೈಟು ಹಾಕಿ, ಕಿಟಕಿಯಿಂದ ತಲೆ ಹೊರಗಿಟ್ಟು ಓಡಿಸಿದರು.

ಕಾವಲು ಠಾಣೆಯ ಕೋಣೆಯಲ್ಲಿ ಒಬ್ಬ ಯುವ ಅಧಿಕಾರಿ ಇದ್ದರು. ಗೋಡೆಯ ಮೇಲೆ ದೊಡ್ಡ ನಕ್ಷೆ. ಹಮೀದಣ್ಣ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಎಲ್ಲಿ? ಹಮೀದಣ್ಣ ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ಕಡೆ ನೋಡಿದರು. ಕಾರಿನಲ್ಲಿ ಅಪ್ಪಯ್ಯ ಹೇಳಿದ್ದಷ್ಟನ್ನೂ ಹೇಳಿದೆ. ಮೂರು ಕಬ್ಬಿಣದ ಕಂಬ, ನೀರಿನಲ್ಲಿ ನಿಂತದ್ದು, ಹಳೆಯ ಕಟ್ಟೆಯದ್ದು. ಹಮೀದಣ್ಣ ಅದನ್ನು ಅರಬ್ಬಿಗೆ ತಂದರು. ಅಧಿಕಾರಿ ನಕ್ಷೆಯ ಮೇಲೆ ಒಂದು ಕಡೆ ಬೆರಳಿಟ್ಟು, ಆಮೇಲೆ ಅನುಮಾನದಿಂದ ಏನೋ ಹೇಳಿದರು. ಆ ಜಾಗ ಗೊತ್ತು, ಆದರೆ ಇಷ್ಟು ಹೊತ್ತು ಅಲ್ಲೇ ಇರುತ್ತಾರೆಯೇ, ತೇಲಿಹೋಗಿರಬಹುದಲ್ಲ ಎಂದು.

“ಗಾಳಿ ಇಲ್ಲೆ. ನೀರೂ ಅಷ್ಟ್ ಎಳೂದಿಲ್ಲೆ,” ಎಂದರು ಅಮ್ಮ, ನೇರವಾಗಿ ಅಧಿಕಾರಿಯನ್ನೇ ನೋಡುತ್ತ, ಅವರಿಗೆ ಕನ್ನಡ ಬರುತ್ತದೆಂಬಂತೆ. “ಕಾವಳದಂಗೆ ಸಿಕ್ದವ್ರ್ ಕಂಬ ಬಿಟ್ಟ್ ಹೋಪುದಿಲ್ಲೆ. ಇವ್ರ್ ದೋಣಿಯವ್ರ ಮನೆಯವ್ರ್. ಅಲ್ಲೇ ಹಿಡ್ಕಂಡ್ ಇರ್ತ್ರ್. ಮೊದ್ಲ್ ಅಲ್ಲ್ ಹುಡ್ಕುಕೆ ಹೇಳಿ.”

ಅಧಿಕಾರಿ ಅನುವಾದಕ್ಕೆ ಕಾದು, ಕೇಳಿ, ಎದ್ದು ಹೋದರು. ಹೊರಗೆ ಯಾರನ್ನೋ ಕೂಗಿದ್ದು, ಬೂಟಿನ ಸದ್ದು, ಆಮೇಲೆ ಮೋಟಾರಿನ ಸದ್ದು ಕೇಳಿತು. ಅದು ಕಾವಳದೊಳಗೆ ಸಣ್ಣದಾಗುತ್ತ ಹೋಯಿತು.

ನಾವು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಯಾರೋ ಸಣ್ಣ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಸಿಹಿ ಚಹ ತಂದಿಟ್ಟರು. ಅಮ್ಮನ ಲೋಟದ ಚಹ ತಣ್ಣಗಾಯಿತು. ಮೇಜಿನ ಮೇಲಿನ ವೈರ್‌ಲೆಸ್ಸು ಆಗಾಗ ಕರಕರ ಎನ್ನುತ್ತಿತ್ತು. ಪ್ರತಿ ಸಲವೂ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು. ಅರಬ್ಬಿ ಮಾತು ಮುಗಿದು ಹಮೀದಣ್ಣ ಇಲ್ಲವೆಂದು ತಲೆಯಾಡಿಸಿದಾಗ ಮತ್ತೆ ಮೆಲ್ಲಗೆ ಬಾಗುತ್ತಿತ್ತು. ನಾನು ನೆಲದ ಟೈಲುಗಳನ್ನು ಎಣಿಸಿದೆ. ಹತ್ತು ಗಂಟೆಗೇ ಹೇಳಿದ್ದರೆ ಎಂಬ ಮಾತು ತಲೆಯೊಳಗೆ ಸುತ್ತುತ್ತಿತ್ತು. ಬಟ್ಟೆ ಒಳಗೆ ತಂದಾಗಲಾದರೂ ಹೇಳಿದ್ದರೆ. ನೆಲ ಒರೆಸುವಾಗಲಾದರೂ. ವೈರ್‌ಲೆಸ್ಸು ಮತ್ತೊಮ್ಮೆ ಕರಕರ ಎಂದಿತು. ಅದರೊಳಗಿನ ಮಾತುಗಳಲ್ಲಿ ಒಂದು ಮಾತ್ರ ನನಗೆ ತಿಳಿಯಿತು, ಅಂಗಡಿಗಳಲ್ಲಿ ದಿನಾ ಕೇಳಿದ್ದು. ಇತ್ನೇನ್. ಎರಡು.

“ಅಮ್ಮ, ಇಬ್ರೂ!” ಎಂದು ಕಿರುಚಿದೆ. ಹಮೀದಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಅವರು ಬಂದಾಗ ಮೂರು ಗಂಟೆ ಕಳೆದಿತ್ತು. ಕಂಬಳಿ ಹೊದ್ದ ಅಪ್ಪಯ್ಯನ ತುಟಿ ಕಪ್ಪಿಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಸೊಂಟದವರೆಗೆ ಒದ್ದೆ. ಅವರ ಮೈಮೇಲೆ ಯುಕ್ಕಾನ ಅಳತೆಯ ದೊಡ್ಡ ಲೈಫ್ ಜಾಕೆಟ್ಟು. ಯುಕ್ಕಾ ಜಾಕೆಟ್ಟಿಲ್ಲದೆ, ಬರೀ ಸ್ವೆಟರಿನಲ್ಲಿ, ತಲೆ ತಗ್ಗಿಸಿ ಹಿಂದೆ ನಿಂತಿದ್ದರು. ಅಮ್ಮ ಎದ್ದು ಅಪ್ಪಯ್ಯನ ಹತ್ತಿರ ಹೋದರು. ಅವರ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಬೆರಳುಗಳಲ್ಲಿ ತಂಗೂಸಿ ಕೊಯ್ದ ಗೆರೆಗಳು. ಕೈ ಬಿಟ್ಟು ಬಂದು ಕುರ್ಚಿಯಲ್ಲಿ ಕೂತರು.

ಅಧಿಕಾರಿ ಇಬ್ಬರನ್ನೂ ನಿಲ್ಲಿಸಿ ಗದರಿದರು. ಪರವಾನಗಿಯಿಲ್ಲದೆ ಇನ್ನೆಂದೂ ನೀರಿಗೆ ಇಳಿಯುವುದಿಲ್ಲವೆಂದು ಬರೆಸಿಕೊಂಡರು. ದೋಣಿ, ಮೋಟಾರು, ಎರಡು ಕೋಲು ಠಾಣೆಯಲ್ಲೇ ಉಳಿದವು. ಆಮೇಲೆ ಕಾಗದ ಮಡಚುತ್ತ, ಈ ಸಲಕ್ಕೆ ಇಷ್ಟೇ ಎಂದರು. ಹೊರಡುವಾಗ ನನ್ನ ತಲೆ ಮುಟ್ಟಿ “ಶಾತ್ರಾ” ಎಂದರು, ಜಾಣೆ ಎಂದು. ಅಷ್ಟು ಜನರ ಮುಂದೆ ಯಾರೂ ನನ್ನನ್ನು ಅದುವರೆಗೆ ಹೊಗಳಿರಲಿಲ್ಲ. ನನಗೆ ಅಳು ಬಂತು. ಹೆದರಿ ಅಳುತ್ತಿದ್ದಾಳೆ ಎಂದು ಎಲ್ಲರೂ ಸಮಾಧಾನ ಮಾಡಿದರು.

ನಡೆದದ್ದೇನೆಂದು ಗೊತ್ತಾದದ್ದು ಎರಡು ದಿನ ಬಿಟ್ಟು, ಯುಕ್ಕಾ ಕ್ಷಮೆ ಕೇಳಲು ಬಂದಾಗ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದರು, ನಿಲ್ಲಿಸಲಿಲ್ಲ. ಯುಕ್ಕಾ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದರು. ಮೊದಲಾದರೆ ನಾನು ದೊಡ್ಡವರ ಬಿರುಸು ಮಾತುಗಳನ್ನು ಮೆತ್ತಗೆ ಮಾಡಿ ದಾಟಿಸುತ್ತಿದ್ದೆ. ಅಂದು ಇದ್ದದ್ದು ಇದ್ದಂತೆ ದಾಟಿಸಿದೆ. ಕಾವಳ ಕವಿಯುವ ಮೊದಲೇ ವಾಪಸು ಹೋಗೋಣವೆಂದು ಯುಕ್ಕಾ ಹೇಳಿದ್ದರು. ಅಷ್ಟರಲ್ಲಿ ಅಪ್ಪಯ್ಯನ ನೂಲಿಗೆ ದೊಡ್ಡದೊಂದು ಬರಾಕುಡ ಬಿತ್ತು. ಅಪ್ಪಯ್ಯ ಎಳೆಯಲಿಲ್ಲ. ಓಡಿದಾಗ ಬಿಟ್ಟರು, ನಿಂತಾಗ ತಗೊಂಡರು, ಮುಕ್ಕಾಲು ಗಂಟೆ. ಅಂಥ ಕೈಯನ್ನು ನಮ್ಮೂರಿನ ಮುದುಕರಲ್ಲೂ ನಾನು ಕಂಡದ್ದು ಕಡಿಮೆ ಎಂದರು ಯುಕ್ಕಾ. ನಿಲ್ಲಿಸು ಎನ್ನಬೇಕಾಗಿದ್ದ ನಾನೂ ನೋಡುತ್ತ ಕೂತೆ, ತಪ್ಪು ನನ್ನದು ಎಂದರು. ಮೀನು ದೋಣಿಯೊಳಗೆ ಬಂದಾಗ ಸುತ್ತಲೂ ಬಿಳಿ. ಒಳಗೆ ಬಿದ್ದ ಮೀನು ಒದ್ದಾಡಿತು. ಬಾಯಲ್ಲಿದ್ದ ಕೊಕ್ಕೆ ರಬ್ಬರಿಗೆ ನಾಟಿ ಉದ್ದಕ್ಕೆ ಸೀಳಿತು. ಒಂದು ಕಡೆಯ ಗಾಳಿ ಪೂರ್ತಿ ಹೋಗಿ ಮೋಟಾರು ನೀರಿನಲ್ಲಿ ಮುಳುಗಿತು, ಮೀನೂ ಹೋಯಿತು. ಅಪ್ಪಯ್ಯ ದೋಣಿಯ ಹಗ್ಗ ಹಿಡಿದು ಕಂಬಕ್ಕೆ ಹಾರಿ ಕಟ್ಟಿದರು. ಅವರು ತಮ್ಮ ಲೈಫ್ ಜಾಕೆಟ್ಟನ್ನು ಕೂರಲು ಮೆತ್ತೆ ಮಾಡಿಕೊಂಡಿದ್ದರು; ಅದು ತೇಲಿಹೋಗಿತ್ತು. ಯುಕ್ಕಾ ತಮ್ಮದನ್ನು ಬಿಚ್ಚಿ, ಬೇಡವೆಂದರೂ ಬಿಡದೆ ಅವರಿಗೆ ತೊಡಿಸಿದರು. ಆರು ಗಂಟೆ ಆ ಕಂಬವನ್ನು ಇಬ್ಬರೂ ಅಪ್ಪಿಕೊಂಡಿದ್ದರು. ಕೊನೆಯ ಒಂದು ಗಂಟೆ ಅಪ್ಪಯ್ಯನ ಕೈ ಮರಗಟ್ಟಿ ಮತ್ತೆ ಮತ್ತೆ ಜಾರುತ್ತಿತ್ತು.

ಅಷ್ಟು ಕೇಳಿದಾಗ ಅಮ್ಮನ ಚಾಕು ನಿಂತಿತು. ಯುಕ್ಕಾಗೆ ಕೂರಲು ಹೇಳೆಂದು ನನಗೆ ಸನ್ನೆ ಮಾಡಿ, ಒಂದು ತಟ್ಟೆ ಹಾಕಿದರು.

ಅಪ್ಪಯ್ಯನ ಜೊತೆ ಮಾತ್ರ ಒಂಬತ್ತು ದಿನ ಮಾತಿಲ್ಲ. ತಟ್ಟೆ ಇಡುತ್ತಿದ್ದರು, ಬಟ್ಟೆ ಇಸ್ತ್ರಿ ಮಾಡುತ್ತಿದ್ದರು, ಜ್ವರ ಬಂದಾಗ ಕಷಾಯ ಕೊಟ್ಟರು, ಬಾಯಿ ತೆರೆಯಲಿಲ್ಲ. ಅಪ್ಪಯ್ಯ ಎಷ್ಟೋ ಸಲ “ಗುಲಾಬಿ” ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಐದನೆಯ ದಿನವೋ ಆರನೆಯ ದಿನವೋ ಊಟದ ನಡುವೆ ಅವರು ನನ್ನ ಕಡೆ ತಿರುಗಿ, ಅಮ್ಮನಿಗೂ ಕೇಳುವಂತೆ ಹೇಳಿದರು:

“ಮಗಾ, ನಾ ಸುಳ್ಳ್ ಹೇಳಿದ್ದ್ ಒಂದ್. ನಿನ್ನ ಕೈಯಂಗೂ ಹೇಳ್ಸಿದ್ನಲ, ಅದ್ ದೊಡ್ಡ ತಪ್ಪ್.”

ಅವರು ಪೂರ್ತಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು; ನನ್ನ ಪಾಲಿನ ಎರಡು ಗಂಟೆ ಹಾಗೇ ಉಳಿಯಿತು. ಅದನ್ನು ಇಟ್ಟುಕೊಂಡು ಇರಲಾರದೆ ಒಂಬತ್ತನೆಯ ದಿನ, ಅಮ್ಮ ಬಟ್ಟೆ ಮಡಚುತ್ತಿದ್ದಾಗ ಹೇಳಿಬಿಟ್ಟೆ. ಹತ್ತು ಗಂಟೆಗೇ ಗೊತ್ತಿತ್ತು, ಫೋನ್ ಬಾರದಾಗಲೇ ಗೊತ್ತಿತ್ತು, ಹನ್ನೆರಡರ ತನಕ ಹೇಳಲಿಲ್ಲ ಎಂದು. ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅಮ್ಮ ಅಪ್ಪಯ್ಯನ ಅಂಗಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಅವತ್ತ್ ಅವ್ರ ಕೆಲ್ಸದ್ ಬೂಟ್ ಬಾಗ್ಲ್ ಹಿಂದೇ ಇತ್ತ್,” ಎಂದರು. “ಎದ್ದ್ ಕೂಡ್ಲೇ ಕಂಡಿದೆ. ಬೂಟ್ ಇಲ್ದೆ ಪ್ಲಾಂಟಿನ್ ಒಳ್ಗ್ಬಿಡುದಿಲ್ಲೆ, ನಂಗೊತ್ತಿತ್ತ್. ನಿಂಗೂ ಗೊತ್ತಿತ್ತ್ ಅಂದೂ ಗೊತ್ತಿತ್ತ್, ನೀ ಫೋನ್ ಬಿಟ್ಟ್ ಏಳ್ಲೇ ಇಲ್ಲೆ. ಕೇಂಬುಕೆ ಹೆದ್ರಿಕಿ ಆಯ್ತ್ ಮಗಾ. ಕೇಂಡ್ರೆ ನಿಜ ಆತ್ತ್ ಅಂದೇಳಿ ನೆಲ ಒರ್ಸ್ತಾ ಇದ್ದೆ.”

ನನಗೆ ಆ ಕ್ಷಣದಲ್ಲಿ ಹಗುರವೂ ಆಯಿತು, ಕಾಲ ಕೆಳಗಿನ ನೆಲ ಒಂದಿಷ್ಟು ಜರುಗಿದಂತೆಯೂ ಆಯಿತು. ದೊಡ್ಡವರೂ ನನ್ನ ಹಾಗೆಯೇ ಇನ್ನೈದು ನಿಮಿಷ ಎನ್ನುತ್ತ ಕೂರುತ್ತಾರೆ ಎಂದು ತಿಳಿದದ್ದು ಅಂದು. ಈಗ ಅದೇ ದೇಶದ ದಹ್ರಾನಿನಲ್ಲಿ ನನ್ನದೇ ಮನೆಯಿದೆ, ನಾನೇ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಕೇಳಬೇಕಾದ ಮಾತೊಂದನ್ನು ಕೇಳದೆ ಮನೆಯ ಕೆಲಸಕ್ಕೆ ಕೈಹಾಕುತ್ತಿದ್ದೇನೆ ಎಂದು ಅನಿಸಿದ ಕೂಡಲೇ, ಅದು ಏನೇ ಇರಲಿ, ಹೋಗಿ ಕೇಳಿಬಿಡುತ್ತೇನೆ. ಇದರಿಂದ ನನಗೆ ಲಾಭವೂ ಆಗಿದೆ, ಕೆಲವು ಸಂಬಂಧಗಳು ಹೋದದ್ದೂ ಇದೆ.

ಅಮ್ಮ ಆ ಅಂಗಿಯನ್ನು ಮಡಚಿ ಎದ್ದರು. ಅಪ್ಪಯ್ಯ ಹಾಲ್‌ನಲ್ಲಿ ಟಿವಿಯ ಮುಂದೆ, ಸದ್ದು ಕಡಿಮೆ ಮಾಡಿಕೊಂಡು ಕೂತಿದ್ದರು. ಅಮ್ಮ ಅವರ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಬಯ್ಯುತ್ತಾರೋ, ಅಳುತ್ತಾರೋ, ಊರಿಗೆ ಹೊರಡುತ್ತೇನೆ ಎನ್ನುತ್ತಾರೋ ಎಂದು ಕಾದೆ. ಅಪ್ಪಯ್ಯ ಟಿವಿ ಆರಿಸಿದರು. ಅಮ್ಮ ಕೇಳಿದರು:

“ಹ್ವಾಯ್, ಮೀನ್ ಎಷ್ಟ್ ಉದ್ದ ಇತ್ತ್?”

ಅಪ್ಪಯ್ಯ ಅವರ ಮುಖವನ್ನೇ ನೋಡಿದರು. ಆಮೇಲೆ ಗಾಯದ ಬೆರಳುಗಳ ಎರಡೂ ಕೈಗಳನ್ನು ಎತ್ತಿ, ಎಷ್ಟು ಸಾಧ್ಯವೋ ಅಷ್ಟು ಅಗಲಿಸಿ ತೋರಿಸಿದರು.

“ಸುಳ್ಳ್,” ಎಂದರು ಅಮ್ಮ.

ಅಪ್ಪಯ್ಯ ಕೈಗಳನ್ನು ಒಂದಿಷ್ಟು ಹತ್ತಿರಕ್ಕೆ ತಂದರು.